ಮೋತೆಗೊಬ್ಬ ಧರ್ಮತಂದೆ

ಗಂಡ ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದ ತಾರಿಹಾ ಊರಿನ ಮುದುಕಿ ಕಸಿಲ್ದಾಳನ್ನು ಈಗ ಮೋತೆ ಎಂಬ ನಾಯಿಮರಿ ದಿನಾ ಬೆಳಿಗ್ಗೆ ಲಂಗ ಜಗ್ಗಿ ಎಬ್ಬಿಸುತ್ತಿತ್ತು.

"ಈ ವಯಸ್ಸಲ್ಲಿ ನಾಯಿಮರಿನಾ? ನೀವು ಗೊಟಕ್ ಅಂದ್ಮೇಲೆ ಇದಕ್ಕೆ ಗತಿ ಯಾರಮ್ಮಾ?" ಎಂದು ಕಟುಕ ರೂಫೊ ಹಂಗಿಸಿದ್ದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ನಾಯಿಗಳಿಗೆ ರಿಬ್ಬನ್ ಕಟ್ಟಿ ಮೆರೆಸುವ ಸಂತ ರೋಕೆಯ ಹಬ್ಬ ಬಂತು. ಕಸಿಲ್ದಾ ಮರಿಯನ್ನೂ ಕೆಂಪು ರಿಬ್ಬನ್ನನ್ನೂ ತಂದು ರೂಫೊನ ಕೈಗಿತ್ತಳು.

"ಗತಿ ಯಾರು ಅಂದ್ಯಲ್ಲ, ನೀನೇ ಕಣಪ್ಪ. ಇದರ ಧರ್ಮತಂದೆ ಆಗು."

ಹಾಗೆ ಕೇಳಿದರೆ ಆ ಊರಲ್ಲಿ ಯಾರೂ ಒಲ್ಲೆ ಅನ್ನುವಂತಿಲ್ಲ. ತಾಯಿ ಹೋದರೆ ಮಗು ಧರ್ಮತಂದೆಯದೇ.

ರೂಫೊ ಗೊಣಗುತ್ತಲೇ ರಿಬ್ಬನ್ ಕಟ್ಟಿದ. "ಬೇಗ ಸತ್ತುಬಿಟ್ಟೀರಾ, ಜೋಕೆ! ನಮ್ಮನೇಲಿ ಬೊಗಳೋಕೆ ಆಗ್ಲೇ ಅತ್ತೆ ಇದ್ದಾರೆ."

ಅಂದಿನಿಂದ ಕಸಿಲ್ದಾ ಪ್ರಾರ್ಥಿಸುವಾಗ ಗಂಡನ ಹೆಸರಿನ ಜೊತೆಗೆ ಕಟುಕನ ಹೆಸರನ್ನೂ ಸೇರಿಸುತ್ತಾಳೆ.