ಸೋರೆಕಾಯಿ ರಸ ಮತ್ತು ಯಜಮಾನರ ವಯಸ್ಸು

ನಮ್ಮ ಯಜಮಾನರು ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದ ಮೇಲೆ ಮನೆಯಲ್ಲೇ ಒಂದು ಆರೋಗ್ಯ ಇಲಾಖೆ ತೆರೆದರು. ಮಂತ್ರಿ, ಕಾರ್ಯದರ್ಶಿ ಎಲ್ಲ ಅವರೇ, ಪ್ರಜೆ ನಾನೊಬ್ಬಳು. ಬೆಳಕು ಹರಿಯುವ ಮೊದಲೇ ಸೋರೆಕಾಯಿ ರಸ ಕುಡಿದು ಮಯೂರ್ ವಿಹಾರಿನ ಪಾರ್ಕಿಗೆ ಹೊರಡುವುದು, ಅಲ್ಲಿ ನಗೆಕೂಟದವರ ಜೊತೆ ಕಾರಣವಿಲ್ಲದೆ ಹೋ ಹೋ ಎಂದು ನಗುವುದು, ಮನೆಗೆ ಬಂದು ಕಾಫಿ ಕುಡಿಯುತ್ತಿರುವ ನನ್ನ ಮೇಲೆ ಸಿಡುಕುವುದು. ಮಧ್ಯಾಹ್ನ ನಾನು ಸ್ವಲ್ಪ ಕಣ್ಣು ಮುಚ್ಚಿದರೆ ಅದಕ್ಕೂ ಆಕ್ಷೇಪಣೆ.

ಗುರುಗ್ರಾಮದಲ್ಲಿರುವ ಮಗಳು ಒಂದು ದಿನ ಹೊಸದೊಂದು ರಕ್ತಪರೀಕ್ಷೆಯ ಸುದ್ದಿ ತಂದಳು. ಹುಟ್ಟಿದ ತಾರೀಕಿನ ವಯಸ್ಸು ಬೇರೆ, ದೇಹದ ವಯಸ್ಸು ಬೇರೆಯಂತೆ. ದಿನಚರಿ ಚೆನ್ನಾಗಿದ್ದರೆ ದೇಹಕ್ಕೆ ಬೇಗ ವಯಸ್ಸಾಗುವುದಿಲ್ಲವಂತೆ. ಯಜಮಾನರು ಅಂಗಿಯ ತೋಳು ಮಡಿಸಿ ಸಿದ್ಧರಾಗಿಯೇ ಬಿಟ್ಟರು. ನನ್ನನ್ನೂ ಎಳೆದು ಕೂರಿಸಿದರು. ಹೋಲಿಸಿ ತೋರಿಸಲು ಯಾರಾದರೂ ಬೇಕಲ್ಲ.

ವರದಿ ಮಗಳ ಫೋನಿಗೆ ಬಂತು. ಭಾನುವಾರ ಅವಳೇ ಬಂದು ಓದಿದಳು.

"ಅಮ್ಮಾ, ನಿಂದು ಎರಡು ವರ್ಷ ಕಮ್ಮಿ! ಪಪ್ಪಾ... ನಿಮ್ದು ಥೋಡಾ ಜಾಸ್ತಿ ಇದೆ. ಎಪ್ಪತ್ತನಾಲ್ಕಕ್ಕೆ ಎಪ್ಪತ್ತೇಳು ತೋರಿಸ್ತಿದೆ."

ನನಗೆ ನಗು ತಡೆಯಲಾಗಲಿಲ್ಲ. ಅವರ ನಗೆಕೂಟದಲ್ಲೂ ಯಾರೂ ಅಷ್ಟು ನಕ್ಕಿರಲಾರರು.

ಮರುದಿನ ಅವರು ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದರು. ಅದರ ಮರುದಿನವೂ ಅಷ್ಟೇ. ಸೋರೆಕಾಯಿ ಫ್ರಿಜ್ಜಿನಲ್ಲಿ ಬಾಡಿತು. ಪಾರ್ಕಿನ ಗೆಳೆಯರು ಬಾಗಿಲು ಬಡಿದು ಕರೆದರೆ "ತಬಿಯತ್ ಠೀಕ್ ನಹೀಂ" ಎಂದು, ಹುಷಾರಿಲ್ಲದ ನೆಪ ಹೇಳಿ ಒಳಗಿನಿಂದಲೇ ಸಾಗಹಾಕಿದರು. ನಾನು ಬೇಕೆಂದೇ ಸಕ್ಕರೆ ಜಾಸ್ತಿ ಹಾಕಿ ಕಾಫಿ ಕೊಟ್ಟೆ, ಚಕಾರವೆತ್ತದೆ ಕುಡಿದರು. ಆಗ ನನಗೆ ನಿಜವಾಗಿ ಭಯವಾಯಿತು. ಜಗಳವಾಡುವ ಮನುಷ್ಯ ಹೀಗೆ ಹಾಸಿಗೆ ಹಿಡಿದು ಸುಮ್ಮನಾಗುವುದನ್ನು ನಾನು ನೋಡಲಾರೆ.

ತಲೆ ಕೆಡಿಸಿಕೊಂಡು ಕೂತಾಗ, ತೀರಿಹೋದ ನಮ್ಮತ್ತೆಯ ಮಾತೊಂದು ನೆನಪಾಯಿತು.

"ರೀ, ನಿಮ್ಮನ್ನ ಸ್ಕೂಲಿಗೆ ತಡವಾಗಿ ಸೇರಿಸಿದ್ದಲ್ವಾ? ಮೇಷ್ಟ್ರು ಮೂರು ವರ್ಷ ಕಮ್ಮಿ ಮಾಡಿ, ಜೂನ್ ಒಂದು ಅಂತ ಬರ್ಕೊಂಡ್ರು ಅಂತ ಅತ್ತೆ ಹೇಳ್ತಿದ್ರು. ಮಗಳು ಪರೀಕ್ಷೆಗೆ ಕೊಟ್ಟಿರೋದು ಅದೇ ಸುಳ್ಳು ತಾರೀಕು."

ಆ ತಾರೀಕಿನ ಲೆಕ್ಕದಲ್ಲೇ ಕೆಲಸಕ್ಕೆ ಸೇರಿ, ಬಡ್ತಿ ಪಡೆದು, ನಿವೃತ್ತರಾಗಿ, ವರ್ಷವರ್ಷವೂ ಕೇಕ್ ಕತ್ತರಿಸಿ, ಅಸಲಿ ವಯಸ್ಸನ್ನು ಅವರೇ ಮರೆತುಬಿಟ್ಟಿದ್ದರು.

ಯಜಮಾನರು ಧಡಕ್ಕನೆ ಎದ್ದು ಕೂತರು. "ಅಂದ್ರೆ ನಂಗೆ ನಿಜವಾಗ್ಲೂ ಎಪ್ಪತ್ತೇಳೇ! ಅಚ್ಛಾ! ದೇಹ ಸರಿಯಾಗೇ ಇದೆ!" ಆಮೇಲೆ ದನಿ ತಗ್ಗಿಸಿ, "ಪೆನ್ಷನ್ ಆಫೀಸಿನವರಿಗೆ ಗೊತ್ತಾಗ್ಬಾರ್ದು ಕಣೇ" ಎಂದರು. ಒಂದೇ ಏಟಿಗೆ ಮೂರು ವರ್ಷ ಮುದುಕರಾಗಿ ಇಷ್ಟು ಖುಷಿಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಾರ್ಕಿಗೆ ಹೊರಡಲು ಷೂ ಕಟ್ಟಿಕೊಳ್ಳುತ್ತಿದ್ದವರು ನಡುವೆಯೇ ತಲೆಯೆತ್ತಿದರು.

"ಹಾಗಾದ್ರೆ ಎಂಬತ್ತಕ್ಕೆ ಇನ್ನು ಮೂರೇ ವರ್ಷ, ಅಲ್ವೇನೇ?"

ಆ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಕುಹಕ ಆಡುವುದನ್ನು ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಚಪ್ಪಲಿ ಹುಡುಕಿದೆ.

"ನಿಲ್ಲಿ, ನಾನೂ ಬರ್ತೀನಿ" ಅಂದೆ.