ಬೇರೆ ಬಟ್ಟಲಿನ ಸಾರು

ನಿಶಿ ಕಸಾಯಿ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಹಳೆಯ ತಗಡಿನ ಬಕೆಟ್ ಇದೆ. ಅದರಲ್ಲಿ ಕರಿಬೇವಿನ ಗಿಡ ಬೆಳೆಸಿದ್ದೇನೆ. ಅಂಗಡಿಯಲ್ಲಿ ಅಷ್ಟು ಚೆಂದದ ಕುಂಡಗಳಿರುವಾಗ ಈ ತುಕ್ಕು ಹಿಡಿದ ಡಬ್ಬವೇ ಬೇಕೇ ಎಂದು ನನ್ನ ಗಂಡ ವರ್ಷಕ್ಕೊಂದು ಸಲ ಕೇಳುತ್ತಾನೆ. ನಾನು ಕೇಳಿಸದವಳಂತೆ ಇದ್ದುಬಿಡುತ್ತೇನೆ. ಬೇಸಿಗೆಯ ಬೆಳಿಗ್ಗೆ ಗಿಡಕ್ಕೆ ನೀರು ಹಾಕಿದಾಗ ಬಿಸಿಯಾದ ತಗಡಿನಿಂದ ಒಂದು ವಾಸನೆ ಏಳುತ್ತದೆ. ಒದ್ದೆ ಮಸಿ, ಸ್ವಲ್ಪ ಡಾಂಬರು, ಸ್ವಲ್ಪ ಗಂಧಕ. ಬೇರೆಯವರು ಮೂಗು ಮುಚ್ಚಿಕೊಂಡಾರು. ನನಗೆ ಮಾತ್ರ ಹಸಿವಾಗುತ್ತದೆ. ನಾನು ಬೆಳೆದ ಮನೆಯಲ್ಲಿ ಸಾರು ಕುದಿಯುತ್ತಿದ್ದದ್ದು ಈ ವಾಸನೆಯ ಜೊತೆಯಲ್ಲೇ.

ಆ ಮನೆ ಉತ್ತರದ ಹೊಕ್ಕಾಯ್ದೋ ದ್ವೀಪದ ಒಂದು ಕಲ್ಲಿದ್ದಲ ಊರಿನಲ್ಲಿತ್ತು. ಗಣಿಯೊಳಗಿನ ಗ್ಯಾಸ್ ಅಳೆದು ಎಚ್ಚರಿಸುವ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳಲು ಕಂಪನಿಯವರು ಮೈಸೂರಿನ ನಮ್ಮಪ್ಪನನ್ನು ಅಲ್ಲಿಗೆ ಕಳಿಸಿದ್ದರು. ಗಣಿ ಕೆಲಸದವರ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ನಮ್ಮ ಕಡೆಯ ವಠಾರದಂತೆಯೇ ಒಂದು ಗೋಡೆ ಇಬ್ಬರಿಗೂ ಸೇರಿದ್ದು. ಆಚೆ ಮನೆಯವರು ಸೀನಿದರೆ ಅಮ್ಮ ಈಚೆಯಿಂದ ‘ಚಿರಂಜೀವಿ’ ಅನ್ನುತ್ತಿದ್ದಳು. ಆಚೆ ಮನೆಯವರೆಂದರೆ ಒಜಿಸಾನ್ ಮತ್ತು ಒಬಾಸಾನ್. ನಮ್ಮಲ್ಲಿ ಅಂಕಲ್, ಆಂಟಿ ಅನ್ನುವ ಹಾಗೆ ಜಪಾನೀ ಭಾಷೆಯಲ್ಲಿ ನಾನು ಅವರನ್ನು ಕರೆಯುತ್ತಿದ್ದದ್ದು ಹಾಗೆ. ಒಜಿಸಾನ್ ಮೂವತ್ತು ವರ್ಷದಿಂದ ಗಣಿಗೆ ಇಳಿಯುತ್ತಿದ್ದವರು, ಎಷ್ಟು ತಿಕ್ಕಿ ತೊಳೆದರೂ ಕಣ್ಣಿನ ಅಂಚಿನಲ್ಲಿ ಕಾಡಿಗೆ ಹಚ್ಚಿದಂತೆ ಕಪ್ಪು ಉಳಿಯುತ್ತಿತ್ತು. ಕಲ್ಲಿದ್ದಲಿನ ಒಲೆ ಹೊತ್ತಿಸಲು ಬಾರದೆ ಮೊದಲ ಚಳಿಗಾಲ ಅಳುತ್ತ ಕೂತಿದ್ದ ಅಮ್ಮನಿಗೆ ಒಬಾಸಾನ್ ಕೈಹಿಡಿದು ಕಲಿಸಿದರು. ಅದಕ್ಕೆ ಪ್ರತಿಯಾಗಿ ಅಮ್ಮನ ಸಾರು ದಿನಾ ಸಂಜೆ ಆಚೆ ಮನೆಗೆ ಹೋಗತೊಡಗಿತು. ಅವರು ಅದನ್ನು ಬೇರೆ ಬಟ್ಟಲಿನಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಅನ್ನದ ಮೇಲೆ ಸುರಿದುಕೊಳ್ಳಲು ಬಾರದ ಜನ ಎಂದು ಅಮ್ಮ ಮರುಗುತ್ತಿದ್ದಳು.

ಒಂದು ಬೆಳಿಗ್ಗೆ ಬಾಗಿಲಿನ ಅರ್ಧದವರೆಗೆ ಹಿಮ ಬಿದ್ದಿತ್ತು. ಒಬಾಸಾನ್ ಜ್ವರ ಬಂದು ಮಲಗಿದ್ದರು, ಒಜಿಸಾನ್ ಕೆಲಸಕ್ಕೆ ಹೊರಟಿದ್ದರು. ಅಮ್ಮ ಬಿಸಿ ಅನ್ನದ ಮೇಲೆ ಸಾರು ಸುರಿದು, ತುಪ್ಪ ಹಾಕಿ, ಮೆತ್ತಗೆ ಕಲಸಿ ನನ್ನ ಕೈಗೆ ಕೊಟ್ಟಳು. “ಪಾಪ, ಖಾಲಿ ಹೊಟ್ಟೇಲಿ ಹೊರಡ್ತಾ ಇದಾರೆ. ಬಿಸಿ ಇದ್ದಾಗ್ಲೇ ಕೊಟ್ಟು ಬಾ,” ಅಂದಳು. ಒಜಿಸಾನ್ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಟ್ಟಲನ್ನು ನೋಡಿದರು. ಆಮೇಲೆ ಕೈಮುಗಿದು ನಿಂತಲ್ಲೇ ಪೂರ್ತಿ ತಿಂದು, ಅಮ್ಮನಿಗೆ ಅರಿಗಾತೋ ಹೇಳು ಎಂದು ಹೊರಟೇಹೋದರು. ಖಾಲಿ ಬಟ್ಟಲಿನ ತಳದಲ್ಲಿದ್ದ ಹಳದಿ ಅಗುಳುಗಳನ್ನು ಹಾಸಿಗೆಯಿಂದಲೇ ಕಂಡ ಒಬಾಸಾನ್ ಎದ್ದು ಕೂತರು. ಗಣಿಗೆ ಇಳಿಯುವವರು ಬೆಳಿಗ್ಗೆ ಅನ್ನದ ಮೇಲೆ ಸಾರು ಸುರಿದು ತಿನ್ನುವುದಿಲ್ಲ, ತಿಂದರೆ ಒಳಗೆ ಮೇಲಿನ ಬಂಡೆ ಕುಸಿಯುತ್ತದೆ ಎನ್ನುವುದು ಆ ಊರಿನ ನಂಬಿಕೆ. ಅಷ್ಟನ್ನು ಹೇಳಿ, ನಿಮ್ಮಮ್ಮನಿಗೆ ಇದು ಗೊತ್ತಾಗಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು.

ಆ ವಯಸ್ಸಿನಲ್ಲಿ ನನ್ನ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಅಮ್ಮ ಆ ದಿನ ಒಲೆಗೆ ಕಲ್ಲಿದ್ದಲು ಹಾಕುವುದನ್ನೂ ಮರೆತು ಕಿಟಕಿಯ ಹತ್ತಿರ ಕೂತಳು. ನಂಬಿಕೆ ಗಿಂಬಿಕೆ ಎಂದು ನಗಬಲ್ಲ ಅಪ್ಪ ಕೂಡ ಮಧ್ಯಾಹ್ನ ಫೋನ್ ಮಾಡಿ, ಗ್ಯಾಸಿನ ಅಂಕಿಗಳೆಲ್ಲ ಸರಿಯಾಗಿವೆ ಎಂದು ಎರಡು ಸಲ ಹೇಳಿದ. ನಾಲ್ಕು ಗಂಟೆಯ ಸೈರನ್ ಆಗಿ, ಹಿಮದಲ್ಲಿ ಆ ಗಿಡ್ಡ ಆಕೃತಿ ಕಾಣಿಸಿದಾಗ ಅಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ತನಗೆ ಗೊತ್ತಿದ್ದ ಒಂದೇ ಕ್ಷಮೆಯ ಮಾತು, ಸುಮಿಮಾಸೆನ್, ಅದನ್ನೇ ಹತ್ತು ಸಲ ಹೇಳಿದಳು. ಒಜಿಸಾನ್ ನಕ್ಕು ನನಗೆ ಹೇಳಿದ್ದನ್ನು ನಾನು ಕನ್ನಡ ಮಾಡಿದೆ: “ನೀವು ಅಷ್ಟು ಪ್ರೀತಿಯಿಂದ ಕಲಸಿ ಕಳಿಸಿದ್ರಿ. ಬೇಡ ಅಂದಿದ್ರೆ ಅದೇ ಅಪಶಕುನ ಆಗ್ತಿತ್ತು.”

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಊರಿನ ಕಲ್ಲಿದ್ದಲನ್ನೆಲ್ಲ ಉರಿಸುತ್ತಿದ್ದ ವಿದ್ಯುತ್ ಸ್ಥಾವರವೂ ಅದರ ಜೊತೆ ಗಣಿಯೂ ಮುಚ್ಚುತ್ತವೆ ಎಂದು ಗೊತ್ತಾಯಿತು. ಗುಡ್ಡದ ಮೇಲೆ ಆಗಲೇ ಗಾಳಿಯಂತ್ರಗಳು ಏಳುತ್ತಿದ್ದವು. ಸ್ಕೂಲಿನಲ್ಲಿ ನಮ್ಮಿಂದ ಅವುಗಳ ಚಿತ್ರ ಬರೆಸಿದರು, ನನಗೆ ಬಹುಮಾನ ಬಂತು. ಆ ಚಿತ್ರವನ್ನು ಮೊದಲು ಓಡಿಹೋಗಿ ತೋರಿಸಿದ್ದು ಒಜಿಸಾನ್‌ಗೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಆಕಾಶದಲ್ಲಿ ಹೊಗೆಯೇ ಇಲ್ಲ, ಬಹಳ ಚೆನ್ನಾಗಿದೆ ಅಂದರು. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಹೊಗೆ ನಿಂತದ್ದು ಒಳ್ಳೆಯದೇ, ನನ್ನ ಮಗಳ ಕಾಲಕ್ಕೆ ಅದು ಬೇಕೇ ಬೇಕು. ಆದರೂ ಆ ಹೊಗೆಯ ಕೆಳಗೆ ನಾವು ಸುಖವಾಗಿದ್ದೆವು ಎನ್ನುವುದನ್ನು ನಾನು ಯಾರ ಹತ್ತಿರ ಹೇಳಲಿ? ನೀವೂ ಅಂಥ ಒಂದು ಊರು ಕಳೆದುಕೊಂಡವರಾದರೆ ನಿಮಗೆ ಹೇಳಬಹುದು.

ಕೊನೆಯ ಪಾಳಿ ಮುಗಿದ ಮರುದಿನ ಬೆಳಿಗ್ಗೆ ಒಜಿಸಾನ್ ಅನ್ನದ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದರು, ಹಿಂದೆಯೇ ಒಬಾಸಾನ್. ಇನ್ನು ಭಯವಿಲ್ಲ, ಮೇಲೆ ಸುರಿದುಬಿಡಿ ಎಂದರು. ಅಮ್ಮ ಸುರಿದಳು. ಅವರು ಕಲಸಿದರು, ಬಾಯಿಯ ಹತ್ತಿರ ಒಯ್ದರು, ಕೆಳಗಿಟ್ಟರು. ಇನ್ನೊಮ್ಮೆ ಎತ್ತಿದರು, ಮತ್ತೆ ಇಟ್ಟರು. “ಗಣಿ ಮುಚ್ಚಿತು, ಕೈಗೆ ಇನ್ನೂ ಸುದ್ದಿ ಹೋಗಿಲ್ಲ,” ಎಂದು ನಗಲು ನೋಡಿದರು. ಅಮ್ಮನಿಗಾಗಿ ಜೀವವನ್ನೇ ಪಣಕ್ಕಿಟ್ಟು ತಿಂದಿದ್ದವರಿಗೆ ತಮಗಾಗಿ ಒಂದು ತುತ್ತು ಇಳಿಯಲಿಲ್ಲ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬೇರೆ ಅನ್ನ, ಬೇರೆ ಬಟ್ಟಲಿನಲ್ಲಿ ಸಾರು ತಂದಿಟ್ಟಳು.

ಅಪ್ಪನ ಕಂಪನಿಗೆ ಗಾಳಿಯಂತ್ರಗಳ ಕೆಲಸ ಸಿಕ್ಕಿ ನಾವು ಯೋಕೋಹಾಮಾಗೆ ಬಂದೆವು. ಒಜಿಸಾನ್‌ಗೆ ಅದೇ ಗುಡ್ಡದ ರಸ್ತೆಯಲ್ಲಿ ಹಿಮ ಎತ್ತುವ ಕೆಲಸ ಸಿಕ್ಕಿತು. ಹೊರಡುವ ದಿನ ಒಬಾಸಾನ್ ತಮ್ಮ ಕಲ್ಲಿದ್ದಲ ಬಕೆಟನ್ನು ಉಜ್ಜಿ ತೊಳೆದು ಕೊಟ್ಟರು. ಇನ್ನು ನಮಗೆ ಇದರಿಂದ ಏನು ಕೆಲಸ ಎಂದರು.

ಹೋದ ಶರತ್ಕಾಲದಲ್ಲಿ ಒಜಿಸಾನ್ ತೀರಿಕೊಂಡರೆಂದು ತಿಳಿದು ನಾನು ಹೋಗಿದ್ದೆ. ಸಾಲುಮನೆಗಳಿದ್ದಲ್ಲಿ ಸೋಲಾರ್ ಫಲಕಗಳ ಸಾಲು. ಸ್ಕೂಲಿಗೆ ಬೀಗ. ಒಬಾಸಾನ್ ನಗರಸಭೆಯ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದರು. ಅಲ್ಲಿ ಕರೆಂಟಿನ ಒಲೆ, ಗೋಡೆಯಲ್ಲಿ ಎಲ್ಲೂ ಮಸಿಯಿಲ್ಲ. ನಾನು ಅಮ್ಮನ ಪುಡಿ ಹಾಕಿ ಸಾರು ಮಾಡಿ, ಒಜಿಸಾನ್ ಫೋಟೋದ ಮುಂದೆ ಅನ್ನವನ್ನೂ ಪಕ್ಕದ ಬಟ್ಟಲಿನಲ್ಲಿ ಸಾರನ್ನೂ ಇಟ್ಟೆ. ಒಬಾಸಾನ್ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸಾರಿನ ಬಟ್ಟಲೆತ್ತಿ ಅನ್ನದ ಮೇಲೆ ಪೂರ್ತಿ ಸುರಿದು, ಇನ್ನಾದರೂ ತಿನ್ನಿ ಅಂದರು. ನಾನೂ ನನ್ನ ಅನ್ನಕ್ಕೆ ಸುರಿದುಕೊಳ್ಳಲು ಹೋದಾಗ ಅವರ ಕೈ ಬಂದು ನನ್ನ ಕೈಯನ್ನು ಹಿಡಿಯಿತು.

“ನಿಂಗೆ ಬೇಡ,” ಅಂದರು. “ನೀನು ಇನ್ನೂ ಮನೆ ಮುಟ್ಟಬೇಕು.”