ಫರೀದಾಳ ನೋಟಿಸು, ನನ್ನ ಚಾಡಿ

ಎರಡು ತಿಂಗಳ ಹಿಂದೆ ನಾನು ಒಂದು ಚಾಡಿ ಹೇಳಿದೆ.

ನಲವತ್ತರ ಹತ್ತಿರ ಬಂದ ಹೆಂಗಸು. ಇಬ್ಬರು ಮಕ್ಕಳ ತಾಯಿ. ವಾರವಾರವೂ ಪತ್ರಿಕೆಯ ಈ ಜಾಗದಲ್ಲಿ ಕೂತು ನಿಮಗೆಲ್ಲ ಬುದ್ಧಿ ಹೇಳುವವಳು. ಆದರೂ ಹೇಳಿದೆ. ಸ್ಕೂಲಿನಲ್ಲಿ ಮೇಷ್ಟ್ರ ಮೇಜಿನ ಹತ್ತಿರ ಹೋಗಿ ‘ಸಾ, ಇವಳು ಕಾಪಿ ಹೊಡೀತಿದಾಳೆ’ ಎನ್ನುತ್ತೇವಲ್ಲ, ಥೇಟ್ ಹಾಗೆ.

ನಾನು ಹರಿಹರದ ಒಂದು ಕಾರ್ಖಾನೆಯ ಕಂಪ್ಯೂಟರ್ ಸೆಕ್ಷನ್ನಿನಲ್ಲಿದ್ದೇನೆಂದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರಿಗೆ: ಕಂಪ್ಯೂಟರ್ ಇರುವುದು ಏಸಿ ರೂಮಿನ ಒಳಗೆ. ನಾವಿರುವುದು ಹೊರಗೆ, ಫ್ಯಾನಿನ ಕೆಳಗೆ.) ಕಾರ್ಮಿಕರ ಹಾಜರಿ, ರಜೆ, ಸಂಬಳ, ಎಲ್ಲವನ್ನೂ ಕಾರ್ಡಿನ ಮೇಲೆ ತೂತು ಹೊಡೆದು ಆ ಯಂತ್ರಕ್ಕೆ ತಿನ್ನಿಸುವುದು ನಮ್ಮ ಕೆಲಸ. ಹನ್ನೊಂದು ವರ್ಷದಿಂದ ತಿನ್ನಿಸುತ್ತಿದ್ದೇನೆ. ಅದರ ಹೊಟ್ಟೆ ತುಂಬಿಲ್ಲ.

ಫರೀದಾ ಬಂದದ್ದು ಎರಡೂವರೆ ವರ್ಷದ ಹಿಂದೆ. ದಾವಣಗೆರೆಯ ಹಳೇ ಪೇಟೆಯ ಬಟ್ಟೆ ಅಂಗಡಿಯವರ ಮಗಳು. ಕಾರ್ಡನ್ನು ಮಡಿಚದಂತೆ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ನಾನೇ ಕಲಿಸಿದೆ. ಅವಳು ಅಷ್ಟಕ್ಕೆ ನಿಲ್ಲಲಿಲ್ಲ. ಭಾನುವಾರ ಭಾನುವಾರ ಹುಬ್ಬಳ್ಳಿಗೆ ಹೋಗಿ ಕೋಬಾಲ್ ಕಲಿತಳು. ಕೋಬಾಲ್ ಎಂದರೆ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಭಾಷೆ. ನಾನು ಅದಕ್ಕೆ ತಿನ್ನಿಸುವವಳಾಗಿಯೇ ಉಳಿದೆ. ಅವಳು ಏನನ್ನು ಹೇಗೆ ಅರಗಿಸಬೇಕೆಂದು ಹೇಳುವವಳಾದಳು. ಆದರೆ ಸಂಬಳ ಮಾತ್ರ ಆಪರೇಟರಿನದೇ.

ದಿನಾ ದಾವಣಗೆರೆಯಿಂದ ಇಬ್ಬರೂ ಒಂದೇ ಬಸ್ಸು, ಒಂದೇ ಸೀಟು. ಒಂದು ದಿನ ಬಸ್ಸಿನಲ್ಲಿ ಅವಳು ಕಿವಿಯ ಹತ್ತಿರ ಬಂದಳು.

“ಅಕ್ಕಾ, ಒಂದು ಮಾತು. ಯಾರಿಗೂ ಹೇಳಬ್ಯಾಡ್ರಿ. ದಾವಣಗೆರೆಯಾಗೆ ಹೊಸ ಕಂಪ್ಯೂಟರ್ ಸೆಂಟರ್ ತೆಗೀತಾರಲ್ಲ, ಅಲ್ಲಿ ನಂದು ಇಂಟರ್‌ವ್ಯೂ ಆಗೈತೆ. ಪ್ರೋಗ್ರಾಮರ್ ಪೋಸ್ಟು. ಒಂದೂವರೆ ತಿಂಗಳ ಒಳಗೆ ಬರ್ರಿ ಅಂದಾರೆ. ಸಂಬಳ ಎಷ್ಟು ಬೇಕು ಅಂತ ಸಾಹುಕಾರರೇ ಕೇಳಿದ್ರು.”

“ನೀನೇನಂದಿ?”

“ಮೊದ್ಲು ನೀವು ಹೇಳ್ರಿ, ಆಮೇಲೆ ನಾನು ಹೇಳ್ತೀನಿ ಅಂದೆ.”

ಸಾಹುಕಾರರು ಹೇಳಿದ್ದು ನನ್ನ ಸಂಬಳಕ್ಕಿಂತ ಇನ್ನೂರು ಹೆಚ್ಚಿತ್ತು. “ಇನ್ನೊಂಚೂರು ಕೇಳ್ಬೇಕು ಅಂತ ಮಾಡೀನಿ,” ಎಂದಳು.

ಇನ್ನೊಂಚೂರಂತೆ!

ನಾನು ನಗುತ್ತ “ಒಳ್ಳೇದಾಗ್ಲಿ ಬಿಡೇ” ಎಂದೆ. ನಗು ಹರಿಹರದ ಸೇತುವೆ ದಾಟುವವರೆಗೂ ಮುಖದ ಮೇಲೆ ಹಾಗೇ ಕೂತಿತ್ತು. ತೆಗೆಯಲು ಬರಲಿಲ್ಲ.

ಆ ಸೆಂಟರಿನ ಜಾಹೀರಾತನ್ನು ನಾನೂ ನೋಡಿದ್ದೆ. ಅದರಲ್ಲಿ ಪಂಚಿಂಗ್ ಸೂಪರ್‌ವೈಸರ್ ಬೇಕೆಂದೂ ಇತ್ತು. ಕತ್ತರಿಸಿ, ಅಡುಗೆಮನೆಯ ಶೆಲ್ಫಿಗೆ ಹಾಸಿದ ಪೇಪರಿನ ಕೆಳಗೆ ಇಟ್ಟುಕೊಂಡಿದ್ದೆ. ಅರ್ಜಿ ಹಾಕಲಿಲ್ಲ. ಯಾಕೆ? ಸಂಬಳ ಎಷ್ಟು ಬೇಕು ಎಂದು ಕೇಳಿದರೆ ಏನು ಹೇಳುವುದು ಎಂಬ ಭಯ. ಹಿಂದೊಮ್ಮೆ ನಮ್ಮ ಆಫೀಸರು ಬಸವರಾಜಪ್ಪನವರು (ಹೆಸರು ಬದಲಿಸಿದ್ದೇನೆ, ಅವರು ಈ ಪತ್ರಿಕೆ ಓದುತ್ತಾರೆ) ಮಾತಿನ ನಡುವೆ “ನಿಮಗೇನ್ರಿ ಸುಶೀಲಮ್ಮ, ಯಜಮಾನ್ರು ಮೇಷ್ಟ್ರು, ಗವರ್ನಮೆಂಟ್ ಸಂಬಳ” ಎಂದಿದ್ದರು. ಅವತ್ತಿನಿಂದ ನನ್ನ ಸಂಬಳವೆಂದರೆ ಬೆಳೆಯ ನಡುವೆ ತಾನಾಗಿ ಹುಟ್ಟಿದ ಸೊಪ್ಪು ಎಂದು ನಾನೇ ನಂಬಿಬಿಟ್ಟಿದ್ದೆ. ಸಿಕ್ಕಷ್ಟು ಲಾಭ.

ಆಮೇಲಿನ ನಾಲ್ಕು ದಿನ ಫರೀದಾ ಕಣ್ಣಿಗೆ ಕಸದಂತಾದಳು. ಅವಳ ನಗೆ ಜಾಸ್ತಿ ಎನಿಸಿತು. ಟಿಫಿನ್ ಡಬ್ಬಿ ಮುಚ್ಚುವ ಸದ್ದು ಜಾಸ್ತಿ ಎನಿಸಿತು. ಅವಳ ಕಟ್ಟಿನ ಕಾರ್ಡುಗಳನ್ನು ತೆಗೆದು ತಪ್ಪು ಹುಡುಕಿದೆ. ಮುನ್ನೂರು ಕಾರ್ಡಿನಲ್ಲಿ ಎರಡು ತಪ್ಪು ಸಿಕ್ಕವು. ಎರಡೂ ನಾನು ಹೊಡೆದ ಕಾರ್ಡುಗಳು, ಅದರಲ್ಲಿ ಸೇರಿಕೊಂಡಿದ್ದವು.

ಐದನೇ ದಿನ ಬಸವರಾಜಪ್ಪನವರ ಕೋಣೆಗೆ ಹೋದೆ.

“ಸರ್, ತಿಂಗಳ ಕೊನೆ ಬಂತು. ಪೇ ರೋಲಿಗೆ ತೊಂದರೆ ಆಗಬಾರದಲ್ಲ, ಅದಕ್ಕೆ ಹೇಳ್ತಾ ಇದ್ದೀನಿ. ಫರೀದಾ ಬೇರೆ ಕಡೆ ಇಂಟರ್‌ವ್ಯೂ ಕೊಟ್ಟಾಳಂತೆ.”

ಕಂಪನಿಯ ಮೇಲೆ ನನಗೆ ಎಂಥ ಪ್ರೀತಿ ನೋಡಿ! ನಿಜ ಹೇಳುತ್ತೇನೆ. ನಮ್ಮ ನೇಮಕದ ಆರ್ಡರಿನಲ್ಲಿ ಕೆಲಸ ಬಿಡಲು ಮೂರು ತಿಂಗಳ ನೋಟಿಸು ಕೊಡಬೇಕೆಂದಿದೆ. ಬೇರೆ ಕೆಲಸಕ್ಕೆಂದು ಗೊತ್ತಾದರೆ ಬಸವರಾಜಪ್ಪ ಒಂದು ದಿನವನ್ನೂ ಬಿಡುವವರಲ್ಲ. ಆ ಸಾಹುಕಾರರು ಮೂರು ತಿಂಗಳು ಕಾಯುವವರಲ್ಲ. ಅವಳ ಪ್ರೋಗ್ರಾಮರ್ ಪೋಸ್ಟು ಅಲ್ಲಿಗೆ ಮುಗಿಯಿತು. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಮರುದಿನ ಫರೀದಾಳಿಗೆ ಕರೆ ಬಂತು. “ಸುಶೀಲಮ್ಮ, ಸೀನಿಯರ್ ಇದ್ದೀರಿ, ನೀವೂ ಬರ್ರಿ” ಎಂದು ನನ್ನನ್ನೂ ಕರೆದರು.

“ಏನಮ್ಮ ಫರೀದಾ, ಹೊರಟೀಯಂತೆ?”

ಅವಳು ನನ್ನ ಕಡೆ ನೋಡಲಿಲ್ಲ. ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. “ಹೌದು ಸರ್. ಇವತ್ತೇ ಕೊಡ್ಬೇಕಂತಿದ್ದೆ. ಒಂದು ತಿಂಗಳ ನೋಟಿಸು.”

“ಮೂರು ತಿಂಗಳು ಐತಮ್ಮ. ಆರ್ಡರ್ ಓದಿಲ್ಲೇನು?”

“ಓದೀನಿ ಸರ್. ಕನ್ಫರ್ಮ್ ಆದೋರಿಗೆ ಮೂರು ತಿಂಗಳು. ಪ್ರೊಬೇಷನ್ನಾಗೆ ಇರೋರಿಗೆ ಒಂದು. ನನಗೆ ಕನ್ಫರ್ಮೇಶನ್ ಆರ್ಡರ್ ಇನ್ನೂ ಬಂದಿಲ್ಲ.”

“ಎರಡೂವರೆ ವರ್ಷ ಆಯ್ತಲ್ಲ?”

“ನಾನೂ ಅದನ್ನೇ ಬರೆದು ಕೇಳಿದ್ದೆ ಸರ್. ನಾಲ್ಕು ಸಲ. ಕಾಪಿ ಅದಾವೆ, ಕೊಡ್ಲಾ?”

ಕನ್ಫರ್ಮ್, ಅಂದರೆ ಕಾಯಂ ಮಾಡಿದರೆ ಇನ್‌ಕ್ರಿಮೆಂಟ್ ಕೊಡಬೇಕು. ಅದನ್ನು ಉಳಿಸಲು ಅವಳ ಫೈಲನ್ನು ಇವರೇ ಮಲಗಿಸಿದ್ದರು. ಈಗ ಅದು ಎದ್ದು ಇವರನ್ನೇ ಒದೆಯಿತು.

ಬಸವರಾಜಪ್ಪ ಕನ್ನಡಕ ತೆಗೆದರು. “ಕೂಡ್ರಿ, ಕೂಡ್ರಿ ಫರೀದಾ,” ಎಂದರು. (ಗಮನಿಸಿದಿರಾ? ಎರಡು ನಿಮಿಷದ ಹಿಂದೆ ‘ಹೊರಟೀಯಂತೆ’ ಇತ್ತು.) “ಅಲ್ಲಿ ಎಷ್ಟು ಕೊಡ್ತಾರಂತೆ?”

ಹೇಳಿದಳು.

“ನಾವೂ ಅಷ್ಟು ಕೊಡಿಸ್ತೀವಿ. ಮೇಲೆ ನೂರು. ಪ್ರೋಗ್ರಾಮರ್ ಅಂತಲೇ ಮಾಡ್ತೀವಿ. ಇರ್ರಿ ಇಲ್ಲೇ.”

“ಬರೆದು ಕೊಡ್ತೀರಾ ಸರ್?”

ಬರೆದು ಕೊಟ್ಟರು. ಮಾರನೇ ದಿನವೇ. ಸ್ಟೆನೋ ರಜೆಯಲ್ಲಿದ್ದರು. ಆ ಕಾಗದ ಟೈಪ್ ಮಾಡಿದ್ದು ಯಾರು ಗೊತ್ತೇ? ನಾನೇ. ನನಗೆ ಹನ್ನೊಂದು ವರ್ಷದಲ್ಲಿ ಸಿಗದ ಅಂಕಿಯನ್ನು, ನನ್ನದೇ ಬೆರಳಿನಿಂದ, ಎರಡು ಕಾರ್ಬನ್ ಕಾಪಿ ಸಹಿತ ಹೊಡೆದೆ.

ಫರೀದಾ ಎರಡು ದಿನ ಟೈಮ್ ಕೇಳಿದಳು. ಆ ಕಾಗದವನ್ನು ಹೊಸ ಸಾಹುಕಾರರಿಗೆ ತೋರಿಸಿದಳು. ಅವರು ಅದರ ಮೇಲೆ ಇನ್ನಷ್ಟು ಏರಿಸಿದರು. ಅವಳು ಬಸವರಾಜಪ್ಪನವರಿಗೆ ನಮಸ್ಕಾರ ಹೇಳಿ, ತನ್ನ ಒಂದು ತಿಂಗಳನ್ನು ಒಂದು ರಜೆಯೂ ಹಾಕದೆ ದುಡಿದು ಹೊರಟಳು. ಅಂದರೆ ಏನಾಯಿತು? ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕರೆಯೂ ಇಲ್ಲ, ಈ ಕಾಗದವೂ ಇಲ್ಲ, ಅವಳು ಕಡಿಮೆ ಸಂಬಳಕ್ಕೇ ಹೋಗಿರುತ್ತಿದ್ದಳು. ನನ್ನ ಹೊಟ್ಟೆಕಿಚ್ಚಿನ ಮೇಲೆ ಅವಳ ಅನ್ನ ಬೆಂದಿತು.

ಕೊನೆಯ ದಿನ ಬಸ್ಸಿನಲ್ಲಿ ತಡೆಯಲಾಗಲಿಲ್ಲ.

“ಫರೀದಾ, ಸಾಹೇಬ್ರಿಗೆ ಹೇಳಿದ್ದು ನಾನು.”

“ಗೊತ್ತೈತೆ ಅಕ್ಕ.”

“ಹೆಂಗೆ?”

“ನಿಮ್ಮನ್ನ ಬಿಟ್ರೆ ನಾನು ಯಾರಿಗೂ ಹೇಳಿರ್ಲಿಲ್ಲ. ಅಬ್ಬಾಗೂ ಹೇಳಿರ್ಲಿಲ್ಲ.”

ಕಿಟಕಿಯ ಆಚೆ ನೋಡಿದೆ. ಭತ್ತದ ಗದ್ದೆಗಳನ್ನು ಅಷ್ಟು ಶ್ರದ್ಧೆಯಿಂದ ನಾನು ಎಂದೂ ನೋಡಿದವಳಲ್ಲ.

“ಸಿಟ್ಟು ಬರ್ಲಿಲ್ಲೇನು?”

“ಬಂತು. ಎರಡು ದಿನ ಬಸ್ಸಿನಾಗೆ ನಿಮ್ಮ ಪಕ್ಕ ಕೂಡ್ಲಿಲ್ಲ, ನೆನಪೈತಾ? ತಲೆನೋವು, ಮುಂದಿನ ಸೀಟಿನಾಗೆ ಗಾಳಿ ಬರ್ತೈತೆ ಅಂದಿದ್ದೆ. ತಲೆನೋವು ಇರ್ಲಿಲ್ಲ.”

ಮಾತು ಬೇರೆ ಕಡೆ ತಿರುಗಿಸಲು ಕೇಳಿದೆ, “ಇಷ್ಟು ಚೌಕಾಸಿ ಎಲ್ಲಿ ಕಲಿತೆಯೇ? ಅಪ್ಪನ ಅಂಗಡಿಯಾಗಾ?”

“ಅಬ್ಬಾ ಅಂಗಡಿಯಾಗೆ ಚೌಕಾಸಿ ಇಲ್ಲಕ್ಕ. ಒಂದೇ ರೇಟು. ಗಿರಾಕಿ ಎದ್ದು ಹೋದ್ರೂ ಕರೆಯಂಗಿಲ್ಲ.” ನನ್ನ ಕಡೆ ತಿರುಗಿದಳು. “ನಿಮ್ಮನ್ನ ನೋಡಿ ಕಲ್ತೆ.”

“ನನ್ನನ್ನಾ?”

“ಸೆಕ್ಷನ್ನಾಗೆ ನಿಮ್ಮಷ್ಟು ಕೆಲಸ ಗೊತ್ತಿರೋರು ಯಾರದಾರೆ? ಆದ್ರೂ ನೀವು ಒಂದು ದಿನ ಬಾಯಿ ಬಿಟ್ಟು ಕೇಳ್ಲಿಲ್ಲ. ನಾನು ಹಿಂಗೆ ಕೂಡಬಾರ್ದು ಅಂತ ಬಂದ ಮೊದಲ ತಿಂಗಳೇ ಅನ್ಕೊಂಡೆ.”

ಚುಚ್ಚಲು ಹೇಳಿದ್ದಲ್ಲ. ಚುಚ್ಚಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಅವಳ ದನಿಯಲ್ಲಿ ಮರುಕವಿತ್ತು. ಇಳಿಯುವಾಗ ನನ್ನ ಕೈಯನ್ನು ಒಮ್ಮೆ ಒತ್ತಿ ಹೋದಳು.

ಇದಾದ ಮೇಲಾದರೂ ನಾನು ಸುಧಾರಿಸಿದೆನೆಂದು ನೀವು ಅಂದುಕೊಂಡಿದ್ದರೆ, ಇಲ್ಲ. ಕಳೆದ ಶುಕ್ರವಾರ ರಜೆ ಹಾಕಿ ಪೇಟೆಗೆ ಹೋಗಿದ್ದೆ. ಫರೀದಾ ಸಿಕ್ಕಳು. ಮಧ್ಯಾಹ್ನ ಊಟಕ್ಕೆ ನಡೆದೇ ಮನೆಗೆ ಹೋಗಿ ಬರುತ್ತಾಳಂತೆ. ಬಿಸಿ ಊಟ, ಹತ್ತು ನಿಮಿಷ ಅಡ್ಡಾಗುವುದು ಬೇರೆ. ಅವಳ ಸಂಬಳಕ್ಕಿಂತ ಆ ಬಿಸಿ ಊಟ ನನ್ನನ್ನು ಹೆಚ್ಚು ಸುಟ್ಟಿತು.

ಅದೇ ಉರಿಯಲ್ಲಿ ಸೋಮವಾರ ಬಸವರಾಜಪ್ಪನವರ ಎದುರು ನಿಂತೆ. ಯಜಮಾನರ ಗವರ್ನಮೆಂಟ್ ಸಂಬಳದ ಮಾತು ಬಂದರೆ ಹೇಳಲು ಉತ್ತರವನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ.

“ಸರ್, ನನ್ನ ಸಂಬಳದ ವಿಚಾರ ಮಾತಾಡಬೇಕಿತ್ತು.”

ಅವರು ಆ ಮಾತು ಎತ್ತಲೇ ಇಲ್ಲ. ನನ್ನ ಫೈಲು ತರಿಸಿದರು. ಹಾಳೆ ತಿರುವಿದರು. ನಿಧಾನಕ್ಕೆ ತಲೆ ಎತ್ತಿದರು.

“ಸೂಪರ್‌ವೈಸರ್ ಗ್ರೇಡಿಗೆ ನಿಮ್ಮನ್ನ ಐದು ವರ್ಷದ ಹಿಂದೆಯೇ ಹಾಕಬಹುದಿತ್ತಲ್ರೀ ಸುಶೀಲಮ್ಮ. ಯಾಕ ಕೇಳ್ಲಿಲ್ಲ?”

ಅವರು ಅಲ್ಲೇ ನೋಟ್ ಬರೆದು ಸಹಿ ಹಾಕಿದರು. “ಹಿಂದಿಂದು ಕೊಡಕ್ಕಾಗಲ್ಲ ನೋಡ್ರಿ. ಮುಂದಿನ ತಿಂಗಳಿಂದ ಬರ್ತೈತೆ,” ಎಂದರು.

ಕೇಳಲು ಹಿಡಿದದ್ದು ನಾಲ್ಕು ನಿಮಿಷ. ಕೇಳದೆ ಕಳೆದದ್ದು ಐದು ವರ್ಷ. ಈಗ ಹೇಳಿ, ನಾನು ಯಾರನ್ನು ನೋಡಿ ಹೊಟ್ಟೆಕಿಚ್ಚು ಪಡಲಿ?